ಹಿಂದಿನ ಸೀಟಿನ ಜಮಾ-ಖರ್ಚು

ಕಾರು ಕೊಂಡವರು ಅದಕ್ಕೆ ಏನನ್ನಾದರೂ ಸೇರಿಸುವುದು ಲೋಕರೂಢಿ. ಸೀಟುಗಳಿಗೆ ಹೊದಿಕೆ, ಮುಂಭಾಗದಲ್ಲಿ ಪುಟ್ಟ ಗಣಪತಿ, ಹಿಂದಿನ ಗಾಜಿನ ಬಳಿ ಒಂದೆರಡು ದಿಂಬು, ಡಿಕ್ಕಿಯಲ್ಲಿ ಊರಿನಿಂದ ಬಂದ ತೆಂಗಿನಕಾಯಿಯ ಚೀಲ, ಹೀಗೆ ವರ್ಷದಿಂದ ವರ್ಷಕ್ಕೆ ಕಾರಿನ ಭಾರ ಏರುತ್ತಲೇ ಹೋಗುತ್ತದೆ. ಇದಕ್ಕೆ ತೀರ ವಿರುದ್ಧವಾಗಿ, ಕಾರಿನಲ್ಲಿ ಇರುವುದನ್ನು ಕಳಚಿ ಹೊರಗಿಡುವುದರಲ್ಲಿಯೇ ಸಂತೋಷ ಕಾಣುವ ಹವ್ಯಾಸಿಗಳ ಒಂದು ವರ್ಗವೂ ಉಂಟು. ಅವರ ಕೈ ಮೊದಲು ಹೋಗುವುದು ಹಿಂದಿನ ಸೀಟಿನ ಮೇಲೆ. ವೇಗಪ್ರಿಯರ ಚಿಕ್ಕ ಕಾರುಗಳಲ್ಲಿ ಆ ಸೀಟು ಹೇಗೂ ಇಕ್ಕಟ್ಟಾದದ್ದು. ವಾರದ ಐದಾರು ದಿನ ಅದರ ಮೇಲೆ ಯಾರೂ ಕೂಡುವುದಿಲ್ಲ. ಯಾರೂ ಕೂಡದ ಸೀಟನ್ನು ಹೊತ್ತು ತಿರುಗುವುದೇಕೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಅಸಂಬದ್ಧವೇನಲ್ಲ. ಪಶ್ಚಿಮದ ದೇಶಗಳಲ್ಲಿ ಕಾರಿನ ಕಾರ್ಖಾನೆಗಳೇ ಇದನ್ನು ಮಾಡಿ ತೋರಿಸಿವೆ. ಅಲ್ಲಿನ ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲಿ ಅದನ್ನು ಅನುಸರಿಸಿದ್ದಾರೆ. ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳ ತರುಣರಲ್ಲಿಯೂ ಈ ಆಸೆ ಇಂದು ಮೊಳೆತಿದೆ. ಆಸೆಯನ್ನು ಬೈದು ಅಡಗಿಸುವುದಕ್ಕಿಂತ, ಅದರ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಲೆಕ್ಕದ ಪುಸ್ತಕದ ಎರಡು ಬದಿಗಳಲ್ಲಿ ಬರೆದು ನೋಡುವುದು ಒಳ್ಳೆಯದು. ಈ ಲೇಖನದ ಉದ್ದೇಶ ಅಷ್ಟೇ.

ಯೋಚನೆಯ ಮೂಲ

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ನಗರದ ಮೋಟಾರು ಪ್ರದರ್ಶನದಲ್ಲಿ ಜರ್ಮನಿಯ ಪೋರ್ಶೆ ಕಂಪನಿ '911 ಕರೇರಾ ಆರ್.ಎಸ್. 2.7' ಎಂಬ ಕಾರನ್ನು ಮುಂದಿಟ್ಟಿತು. ಪಂದ್ಯಗಳ ನಿಯಮದಂತೆ, ಒಂದು ಮಾದರಿಯ ಕಾರನ್ನು ಪಂದ್ಯಕ್ಕೆ ಇಳಿಸಬೇಕಾದರೆ ಆ ಮಾದರಿಯ 500 ಕಾರುಗಳನ್ನಾದರೂ ತಯಾರಿಸಬೇಕಾಗಿತ್ತು. ಮಾರಾಟ ನಿರೀಕ್ಷೆಯನ್ನು ಮೀರಿ ಒಟ್ಟು 1,580 ಕಾರುಗಳು ತಯಾರಾದವು. ಇವುಗಳಲ್ಲಿ ದಿನಬಳಕೆಗೆ ಒಗ್ಗುವ 'ಟೂರಿಂಗ್' ಮಾದರಿಯ ತೂಕ 1,075 ಕಿಲೋ. ಹಗುರವಾದ 'ಸ್ಪೋರ್ಟ್' ಮಾದರಿಯ ತೂಕ 960 ಕಿಲೋ. ಈ ಹಗುರ ಮಾದರಿಯಲ್ಲಿ ಹಿಂದಿನ ಸೀಟುಗಳಿರಲಿಲ್ಲ. ನೆಲಹಾಸು, ಗಡಿಯಾರ, ಕೋಟು ತೂಗುಹಾಕುವ ಕೊಕ್ಕೆ, ತೋಳಿಡುವ ಆಸರೆ ಇವೊಂದೂ ಇರಲಿಲ್ಲ. ಕೆಲವೆಡೆ ಉಕ್ಕಿನ ತಗಡನ್ನೂ ಗಾಜನ್ನೂ ತೆಳುವಾಗಿಸಿದ್ದರು. ಎರಡು ಮಾದರಿಗಳಿಗೂ ಒಂದೇ 210 ಅಶ್ವಶಕ್ತಿಯ ಎಂಜಿನು.

ಇಷ್ಟೆಲ್ಲ ಕಳಚಿದ ಮೇಲೆ ದೊರೆತ ಫಲವನ್ನು ವಾಚಕರು ಗಮನಿಸಬೇಕು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗ ಮುಟ್ಟಲು ಟೂರಿಂಗ್ ಮಾದರಿಗೆ 6.3 ಸೆಕೆಂಡು ಬೇಕಾಗುತ್ತಿತ್ತು, ಹಗುರ ಮಾದರಿಗೆ 5.8 ಸೆಕೆಂಡು ಸಾಕಾಗುತ್ತಿತ್ತು. 115 ಕಿಲೋ ಭಾರವನ್ನು ಇಳಿಸಿದ್ದಕ್ಕೆ ಬಂದ ಪ್ರತಿಫಲ ಅರ್ಧ ಸೆಕೆಂಡು. ಪಂದ್ಯದ ಹಾದಿಯಲ್ಲಿ ಅರ್ಧ ಸೆಕೆಂಡು ಬಹು ದೊಡ್ಡದು. ಕಚೇರಿಗೆ ಹೋಗುವ ರಸ್ತೆಯಲ್ಲಿ ಅದು ಮುಂದಿನ ಕೆಂಪು ದೀಪದ ಬಳಿ ಅರ್ಧ ಸೆಕೆಂಡು ಹೆಚ್ಚು ನಿಲ್ಲುವ ಅವಕಾಶ ಮಾತ್ರ.

ಮುಂದೆ ಈ ಮಾರ್ಗವನ್ನು ಇತರರೂ ಹಿಡಿದರು. 2006ರಲ್ಲಿ ಮಿನಿ ಕಂಪನಿಯು ಜಾನ್ ಕೂಪರ್ ವರ್ಕ್ಸ್ ಜಿ.ಪಿ. ಹೆಸರಿನ 2,000 ಕಾರುಗಳನ್ನು ಹಿಂದಿನ ಸೀಟಿಲ್ಲದೆ ತಯಾರಿಸಿ, ಆ ಜಾಗದಲ್ಲಿ ಅಡ್ಡಲಾಗಿ ಒಂದು ಬಿಗಿಪಟ್ಟಿಯನ್ನು ಕೂಡಿಸಿತು. 2008ರಲ್ಲಿ ಫ್ರಾನ್ಸಿನ ರೆನೋ ಕಂಪನಿ ಮೆಗಾನ್ ಆರ್26.ಆರ್ ಎಂಬ ಕಾರಿನಿಂದ ಹಿಂದಿನ ಸೀಟನ್ನೂ ಇನ್ನೂ ಹಲವು ವಸ್ತುಗಳನ್ನೂ ತೆಗೆದು 123 ಕಿಲೋ ಇಳಿಸಿತು.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಈ ಕಂಪನಿಗಳು ಸೀಟನ್ನು ಕಳಚಿದ್ದು ನಕ್ಷೆಯ ಹಲಗೆಯ ಮೇಲೆ. ಸೀಟಿಲ್ಲದ ಕಾರಿಗೆ ಬೇಕಾದ ಸ್ಪ್ರಿಂಗು, ಬ್ರೇಕು, ಬಿಗಿಪಟ್ಟಿ, ಸರಕಾರದ ಅನುಮೋದನೆ ಎಲ್ಲವನ್ನೂ ಅದರೊಡನೆಯೇ ಹೊಂದಿಸಿಕೊಂಡಿದ್ದವು. ಮನೆಯಲ್ಲಿ ಪಾನಾ ಹಿಡಿದು ಕೂತವನು ಆ ಕೆಲಸದ ಮೊದಲ ಹೆಜ್ಜೆಯನ್ನು ಮಾತ್ರ ಇಡುತ್ತಾನೆ.

ಜಮಾ ಬದಿಯ ಲೆಕ್ಕ

ಸಾಧಾರಣ ಗಾತ್ರದ ಒಂದು ವೇಗಪ್ರಿಯ ಹ್ಯಾಚ್‌ಬ್ಯಾಕ್ ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಾರಿನ ತೂಕ 1,050 ಕಿಲೋ, ಚಾಲಕನ ತೂಕ 70 ಕಿಲೋ, ಒಟ್ಟು 1,120. ಹಿಂದಿನ ಸೀಟಿನ ಕೂಡುವ ಭಾಗ, ಒರಗುವ ಭಾಗ, ತಲೆದಿಂಬುಗಳು ಸೇರಿ 22 ಕಿಲೋ ಎಂದು ಹಿಡಿಯೋಣ. ಅದನ್ನು ತೆಗೆದರೆ ಉಳಿಯುವುದು 1,098. ಇಳಿತ ನೂರಕ್ಕೆ ಎರಡರಷ್ಟು. ಎಂಜಿನಿನ ಬಲ ಅಷ್ಟೇ ಇರುವಾಗ ಭಾರ ನೂರಕ್ಕೆ ಎರಡು ಇಳಿದರೆ ವೇಗ ಏರುವ ಕಾಲವೂ ಸುಮಾರಾಗಿ ಅಷ್ಟೇ ಇಳಿಯುತ್ತದೆ. 100 ಕಿಲೋಮೀಟರು ವೇಗ ಮುಟ್ಟಲು 10 ಸೆಕೆಂಡು ತೆಗೆದುಕೊಳ್ಳುತ್ತಿದ್ದ ಕಾರು 9.8 ಸೆಕೆಂಡು ತೆಗೆದುಕೊಂಡೀತು. ಬ್ರೇಕು ಹಾಕಿದಾಗ ಕಾರು ನಿಲ್ಲುವ ದೂರ ಇದರಿಂದ ಗಮನಾರ್ಹವಾಗಿ ಕಡಮೆಯಾಗುವುದಿಲ್ಲ. ಅದು ಮುಖ್ಯವಾಗಿ ಟೈರು-ರಸ್ತೆಗಳ ಹಿಡಿತವನ್ನು ಅವಲಂಬಿಸಿದೆ. ಬ್ರೇಕು ಮತ್ತು ಟೈರುಗಳ ಸವೆತ ಕೊಂಚ ಇಳಿಯುವುದು ನಿಜ.

ಇದೇ 22 ಕಿಲೋವನ್ನು ಬೇರೆ ಅಳತೆಯಲ್ಲಿ ನೋಡೋಣ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋದಷ್ಟು ತೂಗುತ್ತದೆ. ಆದುದರಿಂದ ಹಿಂದಿನ ಸೀಟಿನ ಭಾರ ಸುಮಾರು 30 ಲೀಟರು ಪೆಟ್ರೋಲಿನ ಭಾರಕ್ಕೆ ಸಮ. ಟ್ಯಾಂಕನ್ನು ತುಂಬಿಸದೆ ಅರ್ಧಕ್ಕೆ ನಿಲ್ಲಿಸಿದರೆ, ಒಂದೇ ಒಂದು ಬೋಲ್ಟನ್ನೂ ಬಿಚ್ಚದೆ, ಈ ಲಾಭದ ಅರ್ಧಕ್ಕಿಂತ ಹೆಚ್ಚು ಕೈಸೇರುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಮಲಗಿರುವ ಹಳೆಯ ಪತ್ರಿಕೆಗಳು, ನೀರಿನ ಬಾಟಲಿಗಳು, ಮುರಿದ ಕೊಡೆ ಇವನ್ನು ಇಳಿಸಿದರೆ ಇನ್ನೆರಡು ಕಿಲೋ. ಇನ್ನು ನಲವತ್ತು ದಾಟಿದ ಚಾಲಕ ಮಹಾಶಯರ ನಡುವಿನ ಸುತ್ತ ಕೂಡಿಬಂದಿರುವ ಎಂಟು-ಹತ್ತು ಕಿಲೋ ಇದ್ದೇ ಇದೆ. ಆ ಭಾರವನ್ನು ಬೆಳಗಿನ ನಡಿಗೆಯಿಂದಲೂ ಮಿತಾಹಾರದಿಂದಲೂ ಇಳಿಸಿದರೆ ಕಾರಿಗೆ ಆಗುವ ಉಪಕಾರ ಅರ್ಧ ಸೀಟಿನಷ್ಟು. ಹೃದಯಕ್ಕೂ ಮೊಣಕಾಲಿಗೂ ಆಗುವ ಉಪಕಾರವನ್ನು ಯಾವ ಪಾನಾದಿಂದಲೂ ಪಡೆಯಲಾಗದು.

ಸೀಟು ತೆಗೆದರೆ ಜಾಗ ದೊರೆಯುತ್ತದೆ ಎಂಬುದು ಇನ್ನೊಂದು ಲಾಭ. ಪಂದ್ಯದ ಮೈದಾನಕ್ಕೆ ಹೋಗುವವರು ಅಲ್ಲಿ ನಾಲ್ಕು ಹೆಚ್ಚುವರಿ ಟೈರು, ಜಾಕು, ಸಲಕರಣೆ ಪೆಟ್ಟಿಗೆಗಳನ್ನು ಇಡಲು ಅನುಕೂಲ. ಇದಲ್ಲದೆ, ತನ್ನ ಕಾರಿನ ಒಳಮೈಯನ್ನು ತಾನೇ ಬಿಚ್ಚಿ ಕಂಡ ಸುಖವೂ ಉಂಟು. ಕೈಕೆಲಸ ಮರೆತ ನಮ್ಮಂಥ ಮೇಜಿನ ಮುಂದಿನ ನೌಕರರಿಗೆ ಅದು ಸಣ್ಣ ಸುಖವಲ್ಲ.

ಕೆಲಸದ ಕ್ರಮ

ಸೀಟನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಕಾರಿನಿಂದ ಕಾರಿಗೆ ವಿವರಗಳು ಬೇರೆಯಾಗುವುದರಿಂದ ಆಯಾ ಕಾರಿನ ದುರಸ್ತಿ ಕೈಪಿಡಿಯನ್ನು ಮೊದಲು ಓದಿಕೊಳ್ಳಬೇಕು. ಬೇಕಾಗುವ ಸಾಮಗ್ರಿ ಇಷ್ಟು: 10, 12, 14 ಮಿಲಿಮೀಟರಿನ ಸಾಕೆಟ್ ಪಾನಾಗಳು, ನಕ್ಷತ್ರಾಕಾರದ ತಲೆಯ ಬೋಲ್ಟುಗಳಿಗೆ ತಕ್ಕ ಬಿಟ್ಟುಗಳು, ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಮೀಟುವ ಪ್ಲಾಸ್ಟಿಕ್ ಸಲಾಕೆ, ಟಾರ್ಚು, ಹಳೆಯ ಬೆಡ್‌ಶೀಟು, ಬೋಲ್ಟುಗಳನ್ನು ಹಾಕಿಡಲು ಚಿಕ್ಕ ಚೀಲಗಳು. ಯಾವ ಬೋಲ್ಟು ಎಲ್ಲಿಯದು ಎಂದು ಪ್ರತಿ ಚೀಲದ ಮೇಲೂ ಬರೆದಿಡಬೇಕು. ಪ್ರತಿ ಹಂತದಲ್ಲಿಯೂ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ತೊಡಕಾಗದು.

ಆರಂಭಕ್ಕೆ ಮುನ್ನ ಮೂರು ಎಚ್ಚರಿಕೆಗಳು. ಮೊದಲನೆಯದಾಗಿ, ಕೆಲವು ಕಾರುಗಳ ಹಿಂದಿನ ಸೀಟಿನ ಪಕ್ಕೆಯಲ್ಲಿ ಗಾಳಿಚೀಲವೂ, ಬೆಲ್ಟಿನಲ್ಲಿ ಅಪಘಾತದ ಕ್ಷಣದಲ್ಲಿ ಸಿಡಿದು ಬಿಗಿಯುವ ಸಾಧನವೂ ಇರುತ್ತವೆ. ಇವುಗಳ ತಂತಿಯ ಜೋಡಣೆಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅಂಥ ಕಾರಿನಲ್ಲಿ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಕೈಹಾಕಬಾರದು. ಎರಡನೆಯದಾಗಿ, ಹಲವು ಹೈಬ್ರಿಡ್ ಕಾರುಗಳಲ್ಲಿ ಅಧಿಕ ವಿದ್ಯುತ್ ಒತ್ತಡದ ಬ್ಯಾಟರಿ ಹಿಂದಿನ ಸೀಟಿನ ಕೆಳಗೇ ಇದೆ. ಕಿತ್ತಳೆ ಬಣ್ಣದ ಕೇಬಲು ಕಂಡರೆ ಹವ್ಯಾಸಿಯ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಮೂರನೆಯದಾಗಿ, ಅನೇಕ ಪೆಟ್ರೋಲು ಕಾರುಗಳಲ್ಲಿ ಇಂಧನ ಪಂಪಿನ ಮುಚ್ಚಳ ಇದೇ ಸೀಟಿನ ಕೆಳಗಿರುತ್ತದೆ. ಆದುದರಿಂದ ಬೀಡಿ, ಸಿಗರೇಟು, ಕಿಡಿ ಹಾರಿಸುವ ಯಂತ್ರ ಯಾವುದೂ ಹತ್ತಿರ ಸುಳಿಯಕೂಡದು.

ಮೊದಲು ಬಿಚ್ಚುವುದು ಕೂಡುವ ಭಾಗವನ್ನು. ಬಹುತೇಕ ಕಾರುಗಳಲ್ಲಿ ಅದರ ಮುಂದಿನ ಅಂಚು ಎರಡು ಕ್ಲಿಪ್ಪುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅಂಚಿನ ಕೆಳಗೆ ಕೈ ತೂರಿಸಿ ಕ್ಲಿಪ್ಪಿನ ಹತ್ತಿರದಲ್ಲಿಯೇ ಮೇಲಕ್ಕೆ ಜಗ್ಗಿದರೆ ಸದ್ದಿನೊಡನೆ ಬಿಟ್ಟುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಕ್ಲಿಪ್ಪಿನ ಬದಲು ಬೋಲ್ಟುಗಳಿರುತ್ತವೆ. ಬಳಿಕ ಬೆಲ್ಟಿನ ಕೊಂಡಿಗಳನ್ನು ಸೀಟಿನ ಸೀಳುಗಳಿಂದ ಪಾರುಮಾಡಿ ಹಲಗೆಯನ್ನು ಹೊರತೆಗೆಯಬಹುದು. ಈಗ ಒರಗುವ ಭಾಗದ ಕೆಳಗಿನ ಬೋಲ್ಟುಗಳು ಕಾಣುತ್ತವೆ. ಅವನ್ನು ಬಿಚ್ಚಿ, ಇಡೀ ಬೆನ್ನನ್ನು ಮೇಲಕ್ಕೆತ್ತಿದರೆ ಹಿಂಬದಿಯ ಕೊಕ್ಕೆಗಳಿಂದ ಅದು ಕಳಚುತ್ತದೆ. ಎರಡು ಪಾಲಾಗಿ ಮಡಚುವ ಬೆನ್ನಾದರೆ ನಡುವಿನ ಮತ್ತು ಪಕ್ಕದ ತಿರುಗಣೆಗಳನ್ನು ಬಿಚ್ಚಬೇಕು. ಅನುಭವವಿಲ್ಲದವರಿಗೂ ಒಂದೆರಡು ಗಂಟೆಯ ಕೆಲಸ.

ಸೀಟು ಹೊರಬಂದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಧೂಳು, ಚಿಲ್ಲರೆ ಕಾಸು, ಮಕ್ಕಳು ಚೆಲ್ಲಿದ ಚುರುಮುರಿ, ಮಳೆಗಾಲದ ತೇವದಿಂದ ಹಿಡಿದ ಬೂಸಲು. ಉಬ್ಬಸದ ಉಪದ್ರವವಿರುವವರು ಮೂಗು-ಬಾಯಿಗೆ ಮುಖಗವಸು ಕಟ್ಟಿಕೊಳ್ಳದೆ ಇದನ್ನು ಗುಡಿಸಬಾರದು. ಸೀಟನ್ನು ತೆಗೆಯುವ ವಿಚಾರವಿಲ್ಲದವರೂ ವರ್ಷಕ್ಕೊಮ್ಮೆ ಕೂಡುವ ಭಾಗವನ್ನು ಎತ್ತಿ ಶುಚಿಮಾಡುವುದು ಮನೆಮಂದಿಯ ಶ್ವಾಸಕೋಶಕ್ಕೆ ಹಿತ. ನೆಲದ ತಗಡಿಗೆ ಅಂಟಿಸಿರುವ ಸದ್ದು ತಡೆಯುವ ಡಾಂಬರಿನಂಥ ಹಾಳೆಗಳನ್ನು ಕೆರೆದು ತೆಗೆಯುವ ಪದ್ಧತಿ ಕೆಲವು ಹವ್ಯಾಸಿಗಳಲ್ಲಿದೆ. ಅದನ್ನು ಮಾಡದಿರುವುದು ಮೇಲು. ಬೋಲ್ಟು ಬಿಚ್ಚಿದ್ದನ್ನು ಮತ್ತೆ ಹಾಕಬಹುದು. ಕೆರೆದದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು.

ತೆಗೆದ ಸೀಟನ್ನು ಎಲ್ಲಿಡುವುದು ಎಂಬುದು ಎರಡು ಕೋಣೆಯ ಫ್ಲಾಟಿನಲ್ಲಿ ವಾಸಿಸುವವರಿಗೆ ನಿಜವಾದ ಸಮಸ್ಯೆ. ಬಾಲ್ಕನಿಯ ಮಳೆ-ಬಿಸಿಲಿಗೆ ಒಡ್ಡಿದರೆ ಬಟ್ಟೆ ಮಾಸಿ, ಒಳಗಿನ ಫೋಮು ಪುಡಿಯಾಗುತ್ತದೆ. ಕಟ್ಟಡದ ತಳಮಹಡಿಯಲ್ಲಿ ಇಟ್ಟರೆ ಇಲಿಗಳಿಗೆ ಬಾಣಂತಿಕೋಣೆಯಾಗುತ್ತದೆ. ಹತ್ತಿಯ ಬಟ್ಟೆ ಹೊದಿಸಿ ಮಂಚದ ಕೆಳಗೆ ಮಟ್ಟಸವಾಗಿ ಮಲಗಿಸುವುದೇ ಉತ್ತಮ. ಮನೆಯೊಡತಿಯ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಕ್ಷೇಮ.

ಸೊಂಟದ ಮಾತು

ಈ ಕೆಲಸದಲ್ಲಿ ಸೀಟಿಗಿಂತ ಹೆಚ್ಚು ಅಪಾಯಕ್ಕೆ ಒಳಗಾಗುವುದು ಸೊಂಟ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಭಾರ ಎತ್ತುವ ಸೂತ್ರದಲ್ಲಿ, ಎಲ್ಲ ಅನುಕೂಲಗಳೂ ಇರುವಾಗ ಎತ್ತಬಹುದಾದ ಭಾರದ ಮಿತಿಯನ್ನು 23 ಕಿಲೋ ಎಂದು ಇಟ್ಟಿದ್ದಾರೆ. ಅನುಕೂಲವೆಂದರೆ ವಸ್ತು ಮೈಗೆ ಹತ್ತಿರವಿರಬೇಕು, ಮೈ ತಿರುಚಬಾರದು, ಹಿಡಿತ ಚೆನ್ನಾಗಿರಬೇಕು. ಎರಡೇ ಬಾಗಿಲಿನ ಕಾರಿನಲ್ಲಿ ಅರ್ಧ ಬಗ್ಗಿ, ಕೈಯನ್ನು ಮುಂದಕ್ಕೆ ಚಾಚಿ, ನಡುವನ್ನು ತಿರುಚಿ ಎತ್ತುವಾಗ ಈ ಮೂರೂ ತಪ್ಪುತ್ತವೆ. ಆಗ ಹತ್ತು ಕಿಲೋ ಕೂಡ ಬೆನ್ನೆಲುಬಿನ ಬಿಲ್ಲೆಗಳಿಗೆ ಹೊರೆಯೇ. ದಿನವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಒಮ್ಮೆಗೇ ಪೈಲ್ವಾನನಾಗಲು ಹೊರಡುವ ಮಧ್ಯವಯಸ್ಕರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಆದುದರಿಂದ ಈ ಕೆಲಸಕ್ಕೆ ಇಬ್ಬರಿರಬೇಕು. ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ಸರಿಸಿ ದಾರಿ ಬಿಡಿಸಿಕೊಳ್ಳಬೇಕು. ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಬೆನ್ನಿನ ಭಾಗವನ್ನು ಹಿಂಬಾಗಿಲಿನಿಂದ ಹೊರಗೆಳೆಯುವುದು ಸುಲಭ. ಎತ್ತುವಾಗ ಮೊಣಕಾಲು ಬಗ್ಗಬೇಕು, ನಡು ಬಗ್ಗಬಾರದು. ತಿರುಗುವಾಗ ಪಾದಗಳನ್ನು ತಿರುಗಿಸಬೇಕು. ತಗಡಿನ ಅಂಚುಗಳು ಬ್ಲೇಡಿನಂತೆ ಹರಿತವಾಗಿರುವುದರಿಂದ ಕೈಗವಸು ಅವಶ್ಯ. ಸೊಂಟ ನೋವಿನಿಂದ ಕಾಲಿನವರೆಗೆ ಸೆಳೆತವೋ ಜುಮುಗುಟ್ಟುವಿಕೆಯೋ ಇಳಿದರೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕಾಲಕಳೆಯದೆ ವೈದ್ಯರನ್ನು ಕಾಣಬೇಕು.

ಖರ್ಚಿನ ಬದಿ

ಈಗ ಪುಸ್ತಕದ ಎದುರು ಬದಿಗೆ ಬರೋಣ. ಹಿಂದಿನ ಸೀಟಿನ ಬೆನ್ನು ಒರಗುವುದಕ್ಕಾಗಿ ಮಾತ್ರ ಇರುವುದಲ್ಲ. ಡಿಕ್ಕಿಯಲ್ಲಿರುವ ಸಾಮಾನು ಮುಂದಕ್ಕೆ ನುಗ್ಗದಂತೆ ತಡೆಯುವ ಗೋಡೆಯೂ ಅದೇ. ಸೀಟುಗಳ ಬಲವನ್ನು ಕುರಿತ ವಿಶ್ವಸಂಸ್ಥೆಯ 17ನೆಯ ನಿಯಮಾವಳಿಯಲ್ಲಿ ಇದಕ್ಕಾಗಿಯೇ ಒಂದು ಪರೀಕ್ಷೆಯಿದೆ: ತಲಾ 18 ಕಿಲೋ ತೂಕದ ಎರಡು ದಿಮ್ಮಿಗಳನ್ನು ಹಿಂದೆ ಇಟ್ಟು, ಗಂಟೆಗೆ 50 ಕಿಲೋಮೀಟರು ವೇಗದ ಡಿಕ್ಕಿಯನ್ನು ಅನುಕರಿಸಿ, ಬೆನ್ನು ಅವುಗಳನ್ನು ತಡೆಯುತ್ತದೆಯೇ ಎಂದು ನೋಡುತ್ತಾರೆ. ಬೆನ್ನೇ ಇಲ್ಲದ ಕಾರಿನಲ್ಲಿ ಸಡಿಲವಾಗಿ ಇಟ್ಟ ಹತ್ತು ಕಿಲೋದ ಪೆಟ್ಟಿಗೆ, ಅಪಘಾತದಲ್ಲಿ ಗುರುತ್ವದ ಇಪ್ಪತ್ತು ಪಟ್ಟು ತೀವ್ರತೆಯಿಂದ ವೇಗ ಕುಗ್ಗಿದಾಗ, ಇನ್ನೂರು ಕಿಲೋದ ಭಾರದಂತೆ ಚಾಲಕನ ಬೆನ್ನಿಗೆ ಬಂದು ಬಡಿಯುತ್ತದೆ. ಹಿಂದಿನಿಂದ ಬರುವ ಹೊಡೆತ ಎಂಥದೆಂಬುದಕ್ಕೆ ಬೇರೆಡೆಯಿಂದಲೂ ಸಾಕ್ಷ್ಯವುಂಟು. 2002ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಜಪಾನಿನ ಅಧ್ಯಯನವೊಂದರಂತೆ, ಹಿಂದಿನ ಪ್ರಯಾಣಿಕರು ಬೆಲ್ಟು ಕಟ್ಟದಿದ್ದರೆ, ಬೆಲ್ಟು ಕಟ್ಟಿ ಮುಂದೆ ಕೂತವರ ಸಾವಿನ ಅಪಾಯ ಐದು ಪಟ್ಟಿನಷ್ಟು ಏರುತ್ತದೆ. ಕಟ್ಟಿಡದ ಸಾಮಾನೂ ಕಟ್ಟಿಕೊಳ್ಳದ ಮನುಷ್ಯನಂತೆಯೇ ಹಾರುತ್ತದೆ.

ಎರಡನೆಯದು ಸದ್ದು. ಫೋಮು ಮತ್ತು ಬಟ್ಟೆ ಟೈರಿನ, ಸೈಲೆನ್ಸರಿನ ಸದ್ದನ್ನು ಹೀರುತ್ತವೆ. ಅವು ಹೋದ ಮೇಲೆ ಕಾರು ತಗಡಿನ ಡಬ್ಬಿಯಂತೆ ಮೊಳಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಪುಣೆಯಿಂದ ಹುಬ್ಬಳ್ಳಿಯವರೆಗಿನ ಹಾದಿಯನ್ನು ಇಂಥ ಮೊಳಗಿನಲ್ಲಿ ಕ್ರಮಿಸಿದವರಿಗೆ ಕಿವಿಯ ಗುಂಯ್‌ಗುಡುವಿಕೆ, ತಲೆನೋವು, ಆಯಾಸ ಇವು ಸಹಜ ಫಲಗಳು. ಆಯಾಸಗೊಂಡ ಚಾಲಕ ಎಷ್ಟು ಹಗುರ ಕಾರಿನಲ್ಲಿದ್ದರೂ ಅಪಾಯಕಾರಿಯೇ.

ಮೂರನೆಯದು ಹೊಗೆ. ಸೀಟಿನ ಕೆಳಗಿನ ತಗಡಿನಲ್ಲಿರುವ ರಂಧ್ರಗಳಿಗೆ ರಬ್ಬರಿನ ಮುಚ್ಚಳಗಳಿರುತ್ತವೆ. ಬಿಚ್ಚುವ ಭರದಲ್ಲಿ ಅವು ಕಳಚಿ ಬಿದ್ದರೆ ಸೈಲೆನ್ಸರಿನ ಹೊಗೆ ಒಳನುಗ್ಗಲು ದಾರಿಯಾಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರುಗಳೇ ಅದರ ಸೂಚನೆ.

ನಾಲ್ಕನೆಯದು ಅರೆಮನಸ್ಸಿನ ಅನುಕರಣೆ. ಶ್ರೀಪೆರಂಬುದೂರಿನ ಬಳಿಯ ಮದ್ರಾಸ್ ಅಂತರರಾಷ್ಟ್ರೀಯ ಸರ್ಕ್ಯೂಟಿನಲ್ಲಾಗಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಾಗಲಿ ಪಂದ್ಯದ ಕಾರುಗಳನ್ನು ಕಂಡವರಿಗೆ ಅವುಗಳಲ್ಲಿ ಹಿಂದಿನ ಸೀಟಿಲ್ಲವೆಂಬುದು ಗೊತ್ತು. ಸೀಟು ಹೋದ ಜಾಗಕ್ಕೆ ಅಲ್ಲಿ ಉಕ್ಕಿನ ಕೊಳವೆಗಳ ಪಂಜರ ಬಂದಿರುತ್ತದೆ. ಚಾಲಕ ಹಲವು ಪಟ್ಟಿಗಳ ಬೆಲ್ಟಿನಿಂದ ಸೀಟಿಗೆ ಬಿಗಿದುಕೊಂಡು, ತಲೆಗೆ ಹೆಲ್ಮೆಟ್ ಧರಿಸಿ, ಬೆಂಕಿ ತಾಳುವ ಉಡುಪು ತೊಟ್ಟಿರುತ್ತಾನೆ. ಇವುಗಳಲ್ಲಿ ಒಂದನ್ನು ಮಾತ್ರ ಎರವಲು ತಂದರೆ ರಕ್ಷಣೆ ಹೋಗುತ್ತದೆ, ಬದಲಿಗೆ ಏನೂ ಬರುವುದಿಲ್ಲ. ಪಂಜರವನ್ನೂ ಹಾಕಿಸಿ ನಗರದ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಿದರಂತೂ, ಸಣ್ಣ ಡಿಕ್ಕಿಯಲ್ಲಿಯೂ ಬರಿ ತಲೆ ಉಕ್ಕಿನ ಕೊಳವೆಗೆ ಬಡಿಯುವ ಭಯವಿದೆ.

ಖರ್ಚಿನ ಬದಿಯ ಅತಿ ದೊಡ್ಡ ಬಾಬ್ತು ಇನ್ನೂ ಉಳಿದಿದೆ. ಸೀಟು ತೆಗೆದ ಕಾರಿನಲ್ಲಿ ಹಿಂದೆ ಯಾರೂ ಕೂಡಕೂಡದು, 'ಇಲ್ಲೇ ಹತ್ತಿರ' ಎಂಬ ನೆಪದಲ್ಲಿಯೂ ಕೂಡಕೂಡದು. ದಿಂಬು ಹಾಸಿಕೊಂಡು ತಗಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಧೈರ್ಯವಂತರೂ ಇದ್ದಾರೆ. ಮೂರು ಬಿಂದುಗಳ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಹ್ಲಿನ್ ಎಂಬ ಎಂಜಿನಿಯರು 1959ರಲ್ಲಿ ಬಳಕೆಗೆ ತಂದರು. ಇತರ ತಯಾರಕರೂ ಅದನ್ನು ಬಳಸಲು ಕಂಪನಿ ಅವಕಾಶ ಕೊಟ್ಟಿತು. ಬೆಲ್ಟು ಕೆಲಸ ಮಾಡಬೇಕಾದರೆ ಅದರ ಕೆಳಗೆ ಗಟ್ಟಿಯಾಗಿ ನಿಂತ ಸೀಟಿರಬೇಕು. ಆಗ ಮಾತ್ರ ಅದು ಹೊಟ್ಟೆಯ ಮೇಲೆ ಜಾರದೆ ಸೊಂಟದ ಎಲುಬಿನ ಮೇಲೆ ನಿಲ್ಲುತ್ತದೆ. ಹಿಂದಿನ ಸೀಟು ಸ್ವಭಾವತಃ ಕ್ಷೇಮವೆಂಬ ನಂಬಿಕೆ ಎಷ್ಟು ಟೊಳ್ಳೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರೂ ಅವರ ಜೊತೆಗಿದ್ದ ಇನ್ನೊಬ್ಬರೂ ಹಿಂದಿನ ಸೀಟಿನಲ್ಲಿ ಪ್ರಾಣ ಕಳೆದುಕೊಂಡರು. ಇಬ್ಬರೂ ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು.

ಕಾನೂನು, ವಿಮೆ, ಸಾಲ

ಭಾರತದ ಕಾನೂನು ಈ ವಿಷಯದಲ್ಲಿ ಉದಾರವಾಗಿಲ್ಲ. ಮೋಟಾರು ವಾಹನಗಳ ಕಾಯಿದೆ 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಎತ್ತಿಹಿಡಿದಿದೆ. ಆಸನಗಳ ಸಂಖ್ಯೆಯೂ ಖಾಲಿ ವಾಹನದ ತೂಕವೂ ಆರ್.ಸಿ. ಪುಸ್ತಕದಲ್ಲಿ ನಮೂದಾಗಿರುವ ವಿವರಗಳೇ. ಬೋಲ್ಟು ಬಿಚ್ಚಿದ ಮಾತ್ರಕ್ಕೆ ರಚನೆ ಬದಲಾಯಿತೇ ಎಂದು ವಾದಿಸಲು ಅವಕಾಶವಿದ್ದೀತು. ಆದರೆ ಆ ವಾದವನ್ನು ರಸ್ತೆಯ ಬದಿಯಲ್ಲಿ, ಅಧಿಕಾರಿಯ ಎದುರು, ಬಿಸಿಲಿನಲ್ಲಿ ನಿಂತು ಮಾಡಬೇಕಾಗುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣದಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಿದೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಆಸನವಾಗಲಿ ಇಲ್ಲದೆ ಕರೆದೊಯ್ದರೆ 194-ಬಿ ಪ್ರಕರಣದಂತೆ 1,000 ರೂಪಾಯಿ ದಂಡ ಪ್ರತ್ಯೇಕ.

ವಿಮೆಯ ಕರಾರು ಪರಸ್ಪರ ಪೂರ್ಣ ವಿಶ್ವಾಸದ ಕರಾರು. ಕಾರಿನಲ್ಲಿ ಮಾಡಿದ ಬದಲಾವಣೆಯನ್ನು ತಿಳಿಸದೆ ಬಚ್ಚಿಟ್ಟರೆ ಪರಿಹಾರ ಕೇಳುವ ಹೊತ್ತಿಗೆ ತಕರಾರು ಹುಟ್ಟುತ್ತದೆ. ಇನ್ನು ಬ್ಯಾಂಕಿನ ಸಾಲದಿಂದ ಕೊಂಡ ಕಾರು ಸಾಲ ತೀರುವವರೆಗೂ ಬ್ಯಾಂಕಿಗೆ ಹೈಪಾಥಿಕೇಟ್ ಆಗಿರುತ್ತದೆ. ಆರ್.ಸಿ.ಯಲ್ಲಿ ಅದರ ಉಲ್ಲೇಖವೂ ಇರುತ್ತದೆ. ಭದ್ರತೆಯಾಗಿ ಕೊಟ್ಟ ವಸ್ತುವನ್ನು ಸುಸ್ಥಿತಿಯಲ್ಲಿ ಇಡುವುದಾಗಿ ಸಾಲಗಾರನು ಸಹಿ ಮಾಡಿರುತ್ತಾನೆ. ಸಾಲಪತ್ರದ ಆ ಪುಟವನ್ನು ಸಹಿ ಹಾಕುವಾಗ ಓದುವವರು ವಿರಳವೆಂಬುದು ಬ್ಯಾಂಕಿನ ಮೇಜಿನ ಈಚೆ ಕೂತ ನಮಗೆ ಚೆನ್ನಾಗಿ ಗೊತ್ತು. ಪಾನಾ ಕೈಗೆತ್ತಿಕೊಳ್ಳುವ ಮುನ್ನವಾದರೂ ಒಮ್ಮೆ ಓದಬೇಕು.

ಶಿಲ್ಕು

ಹಾಗಾದರೆ ಆಸೆಯಿರುವವರು ಏನು ಮಾಡಬೇಕು? ಮಧ್ಯಮ ಮಾರ್ಗವೊಂದಿದೆ. ಮೈದಾನದಲ್ಲಿ ಹವ್ಯಾಸಿಗಳಿಗಾಗಿ ಓಟದ ದಿನಗಳನ್ನು ಏರ್ಪಡಿಸಿದಾಗ, ಕಾರನ್ನು ಸೀಟಿನೊಡನೆಯೇ ಅಲ್ಲಿಗೆ ಒಯ್ಯಬಹುದು. ಮನೆಯಲ್ಲಿ ಒಮ್ಮೆ ಬಿಚ್ಚಿ ಜೋಡಿಸಿ ಅಭ್ಯಾಸವಾಗಿದ್ದರೆ, ಅಲ್ಲಿ ಬೆಳಿಗ್ಗೆ ಕಳಚಿ ಸಂಜೆ ಮರಳಿ ಕೂಡಿಸುವುದು ದೊಡ್ಡದಲ್ಲ. ಸಂಘಟಕರ ನಿಯಮದಂತೆ ಹೆಲ್ಮೆಟ್ ಧರಿಸಿ, ಸಡಿಲ ವಸ್ತುಗಳನ್ನೆಲ್ಲ ಇಳಿಸಿ, ಮನಸಾರೆ ಓಡಿಸಿ, ಎಲ್ಲ ಬೋಲ್ಟುಗಳನ್ನೂ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿದು, ಬೆಲ್ಟಿನ ಕೊಂಡಿಗಳು ಸೀಳಿನಿಂದ ಮೇಲೆ ಬಂದಿವೆಯೇ ಎಂದು ನೋಡಿ ಮನೆಗೆ ಮರಳಬೇಕು. ಬಿಚ್ಚುವಾಗ ಇರುವ ಉತ್ಸಾಹ ಜೋಡಿಸುವಾಗ ಇರುವುದಿಲ್ಲ. ಬೋಲ್ಟು ಬಿಟ್ಟುಹೋಗುವುದು ಆಗಲೇ.

ಊರು ಬಿಟ್ಟು ಬಂದ ನಮ್ಮ ಬದುಕಿನಲ್ಲಿ ಹಿಂದಿನ ಸೀಟಿಗೆ ಇನ್ನೊಂದು ಲೆಕ್ಕವೂ ಇದೆ. ರಜೆಯಲ್ಲಿ ಊರಿನಿಂದ ಬರುವ ತಾಯಿತಂದೆಯರನ್ನು ರೈಲು ನಿಲ್ದಾಣದಿಂದ ಕರೆತರುವುದು ಆ ಸೀಟಿನಲ್ಲಿ. ನಡುರಾತ್ರಿ ಪಕ್ಕದ ಮನೆಯ ಹಿರಿಯರಿಗೆ ಎದೆನೋವು ಬಂದಾಗ ಆಂಬ್ಯುಲೆನ್ಸು ತಡವಾದರೆ, ಅವರನ್ನೂ ಅವರ ಕೈಹಿಡಿದು ಕೂಡುವವರನ್ನೂ ಆಸ್ಪತ್ರೆಗೆ ಒಯ್ಯುವುದು ಆ ಸೀಟಿನಲ್ಲಿ. ಸಂಘದ ನಾಟಕ ಮುಗಿದ ಮೇಲೆ ಬಸ್ಸು ತಪ್ಪಿದ ಇಬ್ಬರನ್ನು ಮನೆ ಮುಟ್ಟಿಸುವುದೂ ಅದರಲ್ಲಿಯೇ. ವಾರದ ಐದಾರು ದಿನ ಖಾಲಿ ಇರುವ ಸೀಟು ಏಳನೆಯ ದಿನ ಬೇಕಾಗುತ್ತದೆ, ಮತ್ತು ಆ ದಿನ ಯಾವುದೆಂದು ಮೊದಲೇ ಹೇಳಿ ಬರುವುದಿಲ್ಲ.

ಜಮಾ ಬದಿಯಲ್ಲಿ ಸೆಕೆಂಡಿನ ಹತ್ತನೆಯ ಎರಡು ಭಾಗ. ಖರ್ಚಿನ ಬದಿಯಲ್ಲಿ ಇಷ್ಟೆಲ್ಲ. ಕೈಕೆಲಸದ ಸುಖಕ್ಕಾಗಿ ಸೀಟನ್ನು ಬಿಚ್ಚಿರಿ, ಕೆಳಗಿನ ಧೂಳನ್ನು ಗುಡಿಸಿರಿ, ಕಾರಿನ ಒಳಮೈಯನ್ನು ಅರಿಯಿರಿ. ಆಮೇಲೆ ಅದನ್ನು ಅದರ ಜಾಗದಲ್ಲಿ ಕೂಡಿಸಿ, ಹಿಂದೆ ಕೂತವರಿಗೆ ಬೆಲ್ಟು ಕಟ್ಟಿಕೊಳ್ಳಲು ಹೇಳಿ ಹೊರಡಿರಿ.